ಮುಚ್ಚಿದ ತರಗತಿ, ಹೇರಿದ ತರಗತಿ

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ಕಳೆದ ತಿಂಗಳು ಹದಿಮೂರು ವರ್ಷದ ಹುಡುಗನೊಬ್ಬ ಕೇಳಿದ: "ಅಂಕಲ್, ಫೋನೇ ಎಲ್ಲವನ್ನೂ ಅನುವಾದ ಮಾಡಿ ಕೊಡುತ್ತದಲ್ಲ, ಮತ್ತೆ ನಾನು ಒತ್ತಕ್ಷರ ಯಾಕೆ ಕಲೀಬೇಕು?" ಹಿರಿಯರಾದ ನಾವು ನಕ್ಕು ಮಾತು ಮರೆಸಿದೆವು. ಆದರೆ ಆ ಪ್ರಶ್ನೆ ನಮ್ಮ ಜೊತೆ ಮನೆಗೂ ಬಂತು. ಇಂಥದೇ ಮಾತನ್ನು ಈ ದೇಶದ ಒಂದು ವಿಶ್ವವಿದ್ಯಾಲಯವೂ ಆಡಿದ್ದು ನೆನಪಾಯಿತು. ಆಗ ಅದನ್ನು ಎದುರಿಸಿ ನಿಂತವರು ವಿದ್ಯಾರ್ಥಿಗಳು.

ಮಾರ್ಗನ್‌ಟೌನ್‌ನಲ್ಲಿರುವ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯವು 2023ರಲ್ಲಿ ಸುಮಾರು 4.5 ಕೋಟಿ ಡಾಲರ್ ಕೊರತೆಯನ್ನು ಎದುರಿಸುತ್ತಿತ್ತು. ವಿದ್ಯಾರ್ಥಿಗಳ ಸಂಖ್ಯೆಯೂ ಕುಸಿದಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಆಡಳಿತವು ವಿಶ್ವಭಾಷೆಗಳ ವಿಭಾಗವನ್ನು ಪೂರ್ತಿಯಾಗಿ ಮುಚ್ಚುವ ಪ್ರಸ್ತಾವ ಮುಂದಿಟ್ಟಿತು. ಬದಲಿಗೆ ಭಾಷೆ ಕಲಿಸುವ ಆ್ಯಪ್‌ನಂತಹ ಆನ್‌ಲೈನ್ ವ್ಯವಸ್ಥೆಯನ್ನು ಪರಿಶೀಲಿಸುವುದಾಗಿಯೂ ಹೇಳಿತು.

ಆಗಸ್ಟ್ 21ರಂದು ನೂರಾರು ವಿದ್ಯಾರ್ಥಿಗಳು ತರಗತಿಗಳಿಂದ ಹೊರನಡೆದರು. ಹಲವರು ಕೆಂಪು ವಸ್ತ್ರ ಧರಿಸಿದ್ದರು. 1921ರ ಬ್ಲೇರ್ ಮೌಂಟನ್ ಹೋರಾಟದಲ್ಲಿ ಅದೇ ರಾಜ್ಯದ ಕಲ್ಲಿದ್ದಲು ಗಣಿ ಕಾರ್ಮಿಕರು ಕೊರಳಿಗೆ ಕಟ್ಟಿಕೊಂಡಿದ್ದ ಕೆಂಪು ಕರವಸ್ತ್ರದ ನೆನಪದು. ಬಡ ರಾಜ್ಯದ ಮಕ್ಕಳಿಗೆ ಜಗತ್ತಿನ ಭಾಷೆಗಳು ಬೇಡವೆಂದು ನಿರ್ಧರಿಸುವವರು ಯಾರು ಎಂಬುದೇ ಆ ಪ್ರತಿಭಟನೆಯ ಒಳಗಿದ್ದ ಪ್ರಶ್ನೆ. ಸೆಪ್ಟೆಂಬರ್ 15ರಂದು ಆಡಳಿತ ಮಂಡಳಿಯು 28 ಪದವಿ ವಿಷಯಗಳನ್ನೂ 143 ಅಧ್ಯಾಪಕ ಹುದ್ದೆಗಳನ್ನೂ ಕೈಬಿಡಲು ಒಪ್ಪಿಗೆ ನೀಡಿತು. ಭಾಷೆಗಳಲ್ಲಿ ಪದವಿ ಪಡೆಯುವ ಅವಕಾಶ ಹೋಯಿತು; ಸ್ಪ್ಯಾನಿಷ್ ಮತ್ತು ಚೀನೀ ಭಾಷೆಯ ತರಗತಿಗಳಷ್ಟೇ ಉಳಿದುಕೊಂಡವು.

ಆ್ಯಪ್ ಸಾಕೆಂಬ ಮಾತನ್ನು ವೈದ್ಯರಾದ ನಾವು ಒಪ್ಪಲಾರೆವು. ಸಂಘದ ಉಚಿತ ಆರೋಗ್ಯ ತಪಾಸಣಾ ಶಿಬಿರಕ್ಕೆ ಒಮ್ಮೆ, ಮಗಳ ಮನೆಗೆ ಬಂದಿದ್ದ ಹಿರಿಯ ತಾಯಿಯೊಬ್ಬರು ಬಂದಿದ್ದರು. "ಬೆಳಗಿನಿಂದ ಒಂಥರಾ ಸಂಕಟ ಆಗ್ತಿದೆ" ಎಂದರು. ಇಲ್ಲಿಯೇ ಬೆಳೆದ ಸ್ವಯಂಸೇವಕಿ ಫೋನ್ ಹಿಡಿದಳು. ಅದು "ದುಃಖ" ಎಂಬ ಅರ್ಥ ತೋರಿಸಿತು. ಅವಳು ಚೀಟಿಯಲ್ಲಿ ಹಾಗೆಯೇ ಬರೆದು, ಊರು ಬಿಟ್ಟು ಬಂದ ಬೇಸರವಿರಬೇಕೆಂದು ಅವರನ್ನು ಸಾಲಿನ ಕೊನೆಗೆ ಕೂರಿಸಿದ್ದಳು. ನಾವು ಹತ್ತಿರ ಹೋಗಿ, "ಎಲ್ಲಿ ಸಂಕಟ, ಅಮ್ಮಾ?" ಎಂದು ಕೇಳಿದಾಗ ಅವರು ಎದೆಯ ನಡುವೆ ಅಂಗೈ ಇಟ್ಟರು. ಹಣೆಯ ಮೇಲೆ ಬೆವರಿತ್ತು. ತಡಮಾಡದೆ ಆಸ್ಪತ್ರೆಗೆ ಕಳುಹಿಸಿದೆವು; ಅದು ಹೃದಯಾಘಾತವೇ ಆಗಿತ್ತು. ಅವರು ಗುಣಮುಖರಾಗಿ ಊರಿಗೆ ಮರಳಿದರು. ಫೋನ್ ಹೇಳಿದ ಅರ್ಥ ತಪ್ಪೇನಲ್ಲ. ಸಂಕಟವೆಂದರೆ ದುಃಖವೂ ಹೌದು. ಆದರೆ ಯಾವ ಸಂಕಟವೆಂದು ಮರಳಿ ಕೇಳಲು ಭಾಷೆ ಬಲ್ಲ ಮನುಷ್ಯರೇ ಬೇಕಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ನಮಗೆ ಸುಲಭ. ಆದರೆ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. 2021ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರವು ಪದವಿ ತರಗತಿಗಳಲ್ಲಿ ಕನ್ನಡವನ್ನು ಕಡ್ಡಾಯಗೊಳಿಸಿದಾಗ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವರಲ್ಲಿ ವಿದ್ಯಾರ್ಥಿಗಳೂ ಇದ್ದರು. 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯವು ಕಡ್ಡಾಯ ಸಲ್ಲದೆಂದು ಮಧ್ಯಂತರ ಆದೇಶ ನೀಡಿತು. ಅಂದು ನಮಗೆ ಸಿಟ್ಟು ಬಂದಿತ್ತು. ಕನ್ನಡ ನಾಡಿನಲ್ಲೇ ಕನ್ನಡ ಬೇಡವೆನ್ನುವ ಇವರೆಂಥ ಮಕ್ಕಳು ಎಂದು ಊಟದ ಮೇಜಿನ ಸುತ್ತ ಕುಳಿತು ಬೈದೆವು. ಮರುವರ್ಷ ಮಾರ್ಗನ್‌ಟೌನ್‌ನ ಮಕ್ಕಳನ್ನು ಅದೇ ಮೇಜಿನ ಸುತ್ತ ಕುಳಿತು ಹೊಗಳಿದೆವು.

ಈ ಎರಡು ಪ್ರಸಂಗಗಳು ಒಂದೇ ಅಲ್ಲ. ಒಂದೆಡೆ ಭಾಷೆಯ ಬಾಗಿಲು ಮುಚ್ಚುತ್ತಿತ್ತು. ಇನ್ನೊಂದೆಡೆ ತನ್ನ ನೆಲದಲ್ಲೇ ಸೊರಗುತ್ತಿರುವ ಭಾಷೆಗೆ ಸರ್ಕಾರ ಆಸರೆ ಹುಡುಕುತ್ತಿತ್ತು. ಕರ್ನಾಟಕದಲ್ಲಿ ಓದುವವರು ಕನ್ನಡ ಕಲಿಯಬೇಕೆಂಬ ನಮ್ಮ ಅಭಿಪ್ರಾಯ ಇಂದಿಗೂ ಬದಲಾಗಿಲ್ಲ. ಆದರೆ ಎರಡೂ ಕಡೆ ವಿದ್ಯಾರ್ಥಿಗಳು ಕೇಳಿದ್ದು ಒಂದನ್ನೇ: ನಮ್ಮ ಕಲಿಕೆಯ ಬಗ್ಗೆ ತೀರ್ಮಾನಿಸುವಾಗ ನಮ್ಮ ಮಾತಿಗೂ ಬೆಲೆಯಿರಲಿ ಎಂದು. ನಮಗೆ ಹಿತವಾದ ಉತ್ತರ ಬಂದಾಗ ಮಾತ್ರ ಆ ಪ್ರಶ್ನೆಯನ್ನು ಗೌರವಿಸಿದ್ದು ನಮ್ಮ ತಪ್ಪು.

ಅದೇ ತಪ್ಪನ್ನು ನಾವು ಭಾನುವಾರದ ತರಗತಿಯಲ್ಲೂ ಮಾಡಿದೆವು. ಕಡ್ಡಾಯವು ಮಗುವನ್ನು ತರಗತಿಯವರೆಗೆ ಕರೆತರಬಲ್ಲದು. ಅಲ್ಲಿಂದ ಮುಂದಕ್ಕೆ ಕಾರಣ ಹೇಳಬೇಕಾದವರು ನಾವು. ಮರುವಾರ ಆ ಹುಡುಗನಿಗೆ ಸಂಕಟದ ಕಥೆ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಮಾತಾಡೋದನ್ನ ಮೊದಲು ಹೇಳಿಕೊಡಿ, ಒತ್ತಕ್ಷರ ಆಮೇಲೆ" ಎಂದ. ನಮ್ಮ ಬಳಿ ಉತ್ತರವಿರಲಿಲ್ಲ.

ಮುಂದಿನ ವರ್ಷದ ಪಠ್ಯಕ್ರಮ ನಿರ್ಧರಿಸುವ ಸಭೆಗೆ ಈ ಬಾರಿ ಹತ್ತು ವರ್ಷ ದಾಟಿದ ಮಕ್ಕಳನ್ನೂ ಕರೆತರಬೇಕೆಂದು ಪೋಷಕರಲ್ಲಿ ನಮ್ಮ ವಿನಂತಿ. ಅವರ ಪ್ರಶ್ನೆಗಳಿಂದ ನಮಗೆ ಇರುಸುಮುರುಸಾಗಬಹುದು. ಆಗಲಿ.