ಮಳೆಗಾಲದ ಇನ್ನೊಂದು ಲೆಕ್ಕ

ಗುಡ್ಡ ಕುಸಿದಾಗ ಎಷ್ಟು ಮನೆ ಹೋದವು, ಎಷ್ಟು ಎಕರೆ ತೋಟ ಕೊಚ್ಚಿಹೋಯಿತು ಎಂದು ಕೇಳುತ್ತೇವೆ. ಯಾರ ಮಾತ್ರೆ ಮುಗಿದಿತ್ತು, ಯಾರ ಡಯಾಲಿಸಿಸ್ ತಪ್ಪಿತು ಎಂದು ಕೇಳುವುದು ಅಪರೂಪ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿಯಿತು. ಚಾರ್ಮಾಡಿ ಘಾಟಿ ಬಂದ್ ಆಯಿತು. ಕಳಸ-ಹೊರನಾಡು ರಸ್ತೆಯ ಹೆಬ್ಬಾಳೆ ಸೇತುವೆ ಭದ್ರೆಯಲ್ಲಿ ಮುಳುಗಿತು. ಎದೆನೋವು, ಕಷ್ಟದ ಹೆರಿಗೆ ಎಂದರೆ ಮಂಗಳೂರು, ಮಣಿಪಾಲದ ಕಡೆ ಘಟ್ಟ ಇಳಿಯುವವರು ನಾವು. ದಾರಿ ಮುಚ್ಚಿತೆಂದರೆ, ಒಂದು ಹೆಂಚೂ ಒಡೆಯದ ಆಸ್ಪತ್ರೆ ಕೂಡ ನಮ್ಮ ಪಾಲಿಗೆ ಇಲ್ಲದಂತೆಯೇ.

ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಎರಡು-ಮೂರು ಸಲ ಆಗಲೇಬೇಕು. ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ತಂಪು ಬೇಕು, ಆದರೆ ಕಂಬ ಬಿದ್ದರೆ ಕರೆಂಟು ಬರಲು ದಿನಗಟ್ಟಲೆ ಕಾಯಬೇಕು. ನೆಟ್‌ವರ್ಕ್ ಹೋದರೆ 108ಕ್ಕೆ ಕರೆಯೂ ಹೋಗದು.

2017ರ ಮರಿಯಾ ಚಂಡಮಾರುತದ ನಂತರ ಹಾರ್ವರ್ಡ್ ಸಂಶೋಧಕರು ಪೋರ್ಟೊ ರಿಕೊದಲ್ಲಿ ಮನೆಮನೆ ಸಮೀಕ್ಷೆ ಮಾಡಿದರು. ಸುಮಾರು ಮೂರನೇ ಒಂದು ಪಾಲು ಸಾವುಗಳಿಗೆ ಮನೆಯವರು ಕೊಟ್ಟ ಕಾರಣ, ಚಿಕಿತ್ಸೆ ತಡವಾದದ್ದು ಅಥವಾ ಸಿಗದೇ ಹೋದದ್ದು. ಗಾಳಿ ನಿಂತ ಮೇಲೂ ಸಾವು ನಿಂತಿರಲಿಲ್ಲ.

ಹಾಗಾಗಿ ಮೇ ತಿಂಗಳಲ್ಲೇ ಪ್ರತಿ ಪಂಚಾಯಿತಿಯಲ್ಲಿ ಒಂದು ಪಟ್ಟಿ ಆಗಲಿ: ದಿನ ತುಂಬುತ್ತಿರುವ ಗರ್ಭಿಣಿಯರು, ಡಯಾಲಿಸಿಸ್‌ನವರು, ಇನ್ಸುಲಿನ್, ಬಿಪಿ, ಫಿಟ್ಸ್ ಮಾತ್ರೆಯವರು. ಎಸ್ಟೇಟ್ ಲೈನ್ ಮನೆಗಳ ಕಾರ್ಮಿಕರನ್ನು ಬಿಡಬೇಡಿ. ಎರಡು ತಿಂಗಳ ಔಷಧಿ ಮೊದಲೇ ಕೈಗೆ ಕೊಡಿ, ಹೆರಿಗೆ ಹತ್ತಿರವಿದ್ದವರನ್ನು ಪೇಟೆಗೆ ಕರೆತನ್ನಿ. ಊರೂರು ಬಲ್ಲ ಆಶಾ ಕಾರ್ಯಕರ್ತೆಯರಿಗೆ ಈ ಮನೆಗಳು ಗೊತ್ತು. ಅವರನ್ನು ಕೇಳಿ, ಅವರ ಕೈ ಬಲಪಡಿಸಿ.