ಕಿವಿ ತೆರೆದು ಮಲಗುವ ದೀಪ

ಆ ರಾತ್ರಿ ಅತ್ತೆ ಬಿದ್ದ ಸದ್ದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದು ಚೊಂಬು ಉರುಳಿದ ಸದ್ದು. ಗೋಡೆ ತಡವುತ್ತಾ ಹೋಗಿ ನೋಡಿದರೆ ಬಚ್ಚಲು ಮನೆಯ ಹೊಸ್ತಿಲ ಬಳಿ ಕಾಲು ಚಾಚಿ ಕುಳಿತಿದ್ದರು. ಹೊರಗೆ ಜುಲೈ ತಿಂಗಳ ಮಳೆ. ತೀರ್ಥಹಳ್ಳಿ ಕಡೆಯ ಮಳೆ ಎಂದರೆ ಬಲ್ಲವರಿಗೆ ಹೇಳಬೇಕಾಗಿಲ್ಲ, ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಮರೆತುಬಿಡಬೇಕು.

"ಯಾಕಮ್ಮಾ, ನನ್ನನ್ನು ಕರೆಯಬಾರದಿತ್ತೇ?" ಎಂದೆ.

"ನೀನು ಆಗಷ್ಟೇ ಕಣ್ಣು ಮುಚ್ಚಿದ್ದೆ" ಎಂದರು.

ಅಲ್‌ಹಮ್ದುಲಿಲ್ಲಾಹ್, ಮೂಳೆಗೆ ಏನೂ ಆಗಿರಲಿಲ್ಲ. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು. ಎರಡು ವರ್ಷದ ಹಿಂದೆ ಲಕ್ವ ಹೊಡೆದಂದಿನಿಂದ ಅತ್ತೆಯ ಬಲಗೈಗೆ ಶಕ್ತಿಯಿಲ್ಲ. ರಾತ್ರಿ ಎರಡು ಮೂರು ಬಾರಿ ಏಳುತ್ತಾರೆ. ಅವರು ಮಗ್ಗುಲು ಬದಲಿಸಿದರೂ ನನಗೆ ಎಚ್ಚರವಾಗುತ್ತಿತ್ತು. ಹಗಲಿಡೀ ತಲೆ ಭಾರ, ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಗೊಂದಲ, ಮಕ್ಕಳ ಮೇಲೆ ಸಿಡುಕು. ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಅತ್ತೆಗೆ ಗೊತ್ತಾಗಿತ್ತು. ಅದಕ್ಕೇ ಕರೆಯದೆ ಕತ್ತಲಲ್ಲಿ ಒಬ್ಬರೇ ಎದ್ದಿದ್ದರು.

ತಲೆದಿಂಬಿನ ಬಳಿ ಟಾರ್ಚ್ ಇತ್ತು. ಅದರ ಗುಂಡಿ ಬಿಗಿ, ಅವರ ಹೆಬ್ಬೆರಳಿಗೆ ಜಗ್ಗುತ್ತಿರಲಿಲ್ಲ. ಮಂಚದ ಪಕ್ಕದ ಸ್ವಿಚ್ ಕರೆಂಟ್ ಇದ್ದಾಗ ಮಾತ್ರ ಸ್ವಿಚ್. ಇನ್ವರ್ಟರ್ ಹಾಕಿಸುವಷ್ಟು ಅನುಕೂಲ ನಮಗಿರಲಿಲ್ಲ. ಅವರ ಕೈ ಸುಲಭವಾಗಿ ಒತ್ತಬಲ್ಲ ವಸ್ತು ಮನೆಯಲ್ಲಿ ಒಂದೇ ಇತ್ತು, ಕೆಟ್ಟು ಅಟ್ಟ ಸೇರಿದ ಹಳೆಯ ಟಿವಿಯ ರಿಮೋಟ್. ಅದರ ಮೆತ್ತನೆಯ ರಬ್ಬರ್ ಗುಂಡಿಗಳು ಅವರ ಬೆರಳಿಗೆ ಚಿರಪರಿಚಿತ.

ಮಗಳು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಳು. "ಅಮ್ಮಿ, ಇದೇ ರಿಮೋಟ್‌ನಿಂದ ದಾದಿಗೆ ಸೆಲ್ ದೀಪ ಉರಿಸುವ ಹಾಗೆ ಮಾಡ್ತೀನಿ" ಎಂದಳು. ಅವಳಪ್ಪ ನಕ್ಕರು. ನನಗೂ ಹೆಚ್ಚಿನ ನಂಬಿಕೆ ಇರಲಿಲ್ಲ.

ಅವಳು ನನಗೆ ಮೊದಲು ತೋರಿಸಿದ್ದು ಒಂದು ತಮಾಷೆ. ರಿಮೋಟ್‌ನ ಮೂತಿಯನ್ನು ಮೊಬೈಲ್ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿದಳು. ಬರಿಗಣ್ಣಿಗೆ ಏನೂ ಕಾಣದ ಜಾಗದಲ್ಲಿ ಮೊಬೈಲ್ ಪರದೆಯ ಮೇಲೆ ನೇರಳೆ ಬಣ್ಣದ ಬೆಳಕು ಮಿನುಗಿತು. ನೀವೂ ಮಾಡಿ ನೋಡಬಹುದು, ಹೆಚ್ಚಿನ ಮೊಬೈಲ್‌ಗಳಲ್ಲಿ ಕಾಣುತ್ತದೆ. ಅದು ಇನ್‌ಫ್ರಾರೆಡ್, ಅಂದರೆ ಅತಿಕೆಂಪು ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ವಿಜ್ಞಾನಿ ಬಿಸಿಲಿನ ಬಣ್ಣಗಳ ಉಷ್ಣತೆ ಅಳೆಯುವಾಗ, ಕೆಂಪಿನ ಆಚೆ ಏನೂ ಕಾಣದ ಕಡೆಯೂ ಥರ್ಮಾಮೀಟರ್ ಏರಿದ್ದನ್ನು ಕಂಡು ಪತ್ತೆ ಹಚ್ಚಿದ ಬೆಳಕು.

ಆದರೆ ಬಿಸಿಲಿನಲ್ಲೂ ಆ ಕಿರಣ ಇದೆಯಲ್ಲ, ರಿಮೋಟ್ ಯಾವುದು, ಸೂರ್ಯ ಯಾವುದು ಎಂದು ಯಂತ್ರಕ್ಕೆ ಹೇಗೆ ತಿಳಿಯಬೇಕು? 1955ರಲ್ಲಿ ಅಮೆರಿಕದ ಯೂಜೀನ್ ಪಾಲಿ ಬೆಳಕಿನಿಂದ ಟಿವಿ ನಡೆಸುವ ರಿಮೋಟ್ ಮಾಡಿದಾಗ ಇದೇ ತೊಂದರೆಯಾಯಿತಂತೆ, ಬಿಸಿಲು ಬಿದ್ದರೆ ಚಾನೆಲ್ ತಾನಾಗಿಯೇ ಬದಲಾಗುತ್ತಿತ್ತು. ಈಗಿನ ರಿಮೋಟ್ ಬೆಳಕನ್ನು ಸುಮ್ಮನೆ ಚೆಲ್ಲುವುದಿಲ್ಲ, ಸೆಕೆಂಡಿಗೆ ಸುಮಾರು 38 ಸಾವಿರ ಸಲ ಮಿನುಗಿಸುತ್ತದೆ. ಅದನ್ನು ಹಿಡಿಯುವ ಕಡಲೆ ಗಾತ್ರದ ಮೂರು ಕಾಲಿನ ರಿಸೀವರ್ ಆ ಮಿನುಗಿಗೆ ಮಾತ್ರ ಓಗೊಡುತ್ತದೆ. ಸಂತೆಯ ಗದ್ದಲದಲ್ಲೂ ತಾಯಿಗೆ ತನ್ನ ಮಗುವಿನ ಅಳು ಬೇರೆಯಾಗಿ ಕೇಳಿಸುವ ಹಾಗೆ.

ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಸಾಮಾನು ತರಿಸಿ ಒಂದು ವಾರದಲ್ಲಿ ದೀಪ ಸಿದ್ಧಪಡಿಸಿದಳು. ಆರು ಪೆನ್ಸಿಲ್ ಸೆಲ್, 5 ವೋಲ್ಟ್ ಕೊಡುವ 7805 ಎಂಬ ರೆಗ್ಯುಲೇಟರ್, ರಿಸೀವರ್, ಬಿಳಿ ಎಲ್‌ಇಡಿಗಳು. 'ಆನ್ ಆಗಿದೆ' ಎಂದು ತೋರಿಸಲು ಒಂದು ಪುಟ್ಟ ಕೆಂಪು ದೀಪವೂ ಇತ್ತು. ಅತ್ತೆ ಗುಂಡಿ ಒತ್ತಿದರು, ಕೋಣೆ ಬೆಳಗಿತು. "ಮಾಷಾ ಅಲ್ಲಾಹ್" ಎಂದು ಮೊಮ್ಮಗಳ ತಲೆ ಸವರಿದರು. ಆ ರಾತ್ರಿ ನಾನು ಎಷ್ಟೋ ದಿನಗಳ ಬಳಿಕ ನಿಶ್ಚಿಂತೆಯಿಂದ ಮಲಗಿದೆ.

ಐದನೇ ರಾತ್ರಿ "ಬಹೂ" ಎಂಬ ಕರೆ ಕೇಳಿ ಓಡಿದೆ. ಅತ್ತೆ ಕತ್ತಲಲ್ಲಿ ಮಂಚದ ಕಟ್ಟು ಹಿಡಿದು ನಿಂತಿದ್ದರು, ಕೈಯಲ್ಲಿ ರಿಮೋಟ್. "ಒತ್ತಿದೆ, ಬರಲಿಲ್ಲ" ಎಂದರು. ದೂರಲಿಲ್ಲ. ಮರುದಿನ ಮಾತ್ರ ರಿಮೋಟ್ ಅನ್ನು ಮಡಚಿದ ದುಪಟ್ಟಾದ ಕೆಳಗೆ ಇಟ್ಟುಬಿಟ್ಟರು. ಮಗಳು ಅದನ್ನು ನೋಡಿದಳು. ಅವಳ ಮುಖ ಸಣ್ಣದಾಯಿತು.

ಎಲ್ಲಾ ಸೇರಿ ಒಂದು ಗಂಟೆಯೂ ಉರಿಯದ ದೀಪಕ್ಕೆ ಹೊಸ ಸೆಲ್‌ಗಳು ಐದೇ ದಿನದಲ್ಲಿ ಸತ್ತದ್ದು ಹೇಗೆ? ಮೀಟರ್ ಇಟ್ಟು ಅಳೆದಳು. ದೀಪ ಆರಿದ್ದಾಗಲೂ ಒಳಗೆ 16 ಮಿಲಿಆಂಪ್ ಹರಿಯುತ್ತಿತ್ತು. ಕೆಂಪು ದೀಪಕ್ಕೆ 10, ರೆಗ್ಯುಲೇಟರ್ ಸುಮ್ಮನೆ ಕೂತಿರುವುದಕ್ಕೆ 5, ರಿಸೀವರ್‌ಗೆ ಒಂದಕ್ಕಿಂತ ಕಡಿಮೆ. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್‌ನಲ್ಲಿರುವುದು ಸುಮಾರು 2000 ಮಿಲಿಆಂಪ್-ಗಂಟೆ. 16ರಿಂದ ಭಾಗಿಸಿದರೆ 125 ಗಂಟೆ. ಐದು ದಿನ!

"ಕೆಲಸ ಮಾಡುವವಳು ಒಂದು ತುತ್ತು ತಿಂದರೆ, ಕೆಲಸ ನೋಡುತ್ತಾ ಕೂತವರು ಹದಿನೈದು ತುತ್ತು ತಿಂದರು" ಎಂದೆ. ಮಗಳಿಗೆ ಅಷ್ಟು ಬೇಸರದಲ್ಲೂ ನಗು ಬಂತು.

ರಿಮೋಟ್‌ನ ಸೆಲ್ ಮಾತ್ರ ವರ್ಷಗಟ್ಟಲೆ ಬರುತ್ತದಲ್ಲ ಎಂದು ಕೇಳಿದೆ. ಆಗ ಅವಳು ಹೇಳಿದ ವಿಷಯ ನನಗೆ ಮರೆಯಲಾಗದು. ರಿಮೋಟ್ ಕರೆಯುವ ಯಂತ್ರ. ಗುಂಡಿ ಒತ್ತುವವರೆಗೂ ಅದಕ್ಕೆ ಗಾಢ ನಿದ್ದೆ. ರಿಸೀವರ್ ಕರೆ ಕೇಳುವ ಯಂತ್ರ. ಕರೆ ಯಾವಾಗ ಬರುತ್ತದೆಂದು ಅದಕ್ಕೆ ಗೊತ್ತಿಲ್ಲ. ಹಾಗಾಗಿ ಬಾರದ ಕರೆಗೂ ಅದು ಎಚ್ಚರವಾಗಿಯೇ ಇರಬೇಕು. ಸೆಲ್ ಮುಗಿಯುವುದು ಕೆಲಸದಿಂದಲ್ಲ, ಕಾಯುವುದರಿಂದ.

ನಾನು ಮಾತಾಡಲಿಲ್ಲ. ಎರಡು ವರ್ಷದಿಂದ ನನಗೆ ಏನಾಗಿತ್ತು ಎಂಬುದನ್ನು ಅವಳು ತಿಳಿಯದೆಯೇ ಹೇಳಿಬಿಟ್ಟಿದ್ದಳು.

ಎರಡನೇ ಸಲ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಿದಳು. ಕೆಂಪು ದೀಪ ಹೋಯಿತು. ರೆಗ್ಯುಲೇಟರ್ ಹೋಯಿತು. ಆರು ಸೆಲ್ ಇದ್ದಲ್ಲಿ ಮೂರು ಬಂದವು. ಎರಡೂವರೆ ವೋಲ್ಟ್‌ನಿಂದ ಐದೂವರೆ ವೋಲ್ಟ್‌ವರೆಗೆ ನಡೆಯುವ, 0.35 ಮಿಲಿಆಂಪ್ ಸಾಕೆನ್ನುವ ಟಿಎಸ್‌ಒಪಿ 38238 ಎಂಬ ರಿಸೀವರ್ ಹಾಕಿದಳು. ಜೊತೆಗೆ ಎಟಿಟೈನಿ 13 ಎಂಬ ಎಂಟು ಕಾಲಿನ ಮೈಕ್ರೋಕಂಟ್ರೋಲರ್. ಅದು ಮಲಗಿದಾಗ ಮಿಲಿಆಂಪಿನ ಸಾವಿರದ ಕೆಲವು ಪಾಲು ಮಾತ್ರ ತಿನ್ನುತ್ತದೆ, ರಿಸೀವರ್ ತಟ್ಟಿದರೆ ಎದ್ದು ಬಂದದ್ದು ನಿಜವಾಗಿ ರಿಮೋಟ್‌ನ ಸಂಕೇತವೇ ಎಂದು ಪರೀಕ್ಷಿಸುತ್ತದೆ. ನಮ್ಮ ರಿಮೋಟ್‌ನ ಯಾವ ಗುಂಡಿ ಒತ್ತಿದರೂ ಮೊದಲು 9 ಮಿಲಿಸೆಕೆಂಡ್ ಉದ್ದದ ಒಂದು ಕರೆ ಬರುತ್ತದೆ. ಅದನ್ನೇ ಗುರುತು ಮಾಡಿಕೊಂಡಳು. ಹೀಗಾಗಿ ದಾದಿ ಕತ್ತಲಲ್ಲಿ ಗುಂಡಿ ಹುಡುಕಬೇಕಿಲ್ಲ, ಎಲ್ಲಿ ಒತ್ತಿದರೂ ಆಯಿತು.

ಬೆಳಕಿಗೆ ಹತ್ತು ಮಿಲಿಆಂಪಿನ ಒಂದೇ ಎಲ್‌ಇಡಿ, ಐದು ನಿಮಿಷಕ್ಕೆ ತಾನಾಗಿಯೇ ಆರುವಂತೆ. ಇಷ್ಟು ಸಾಕೇ ಎಂದು ನನಗೆ ಅನುಮಾನವಿತ್ತು. ಕತ್ತಲಿಗೆ ಒಗ್ಗಿದ ಕಣ್ಣಿಗೆ ಅದೇ ಧಾರಾಳ. ನೆಲದ ಕಡೆ ತಿರುಗಿಸಿಟ್ಟರೆ ಹೊಸ್ತಿಲು ಸ್ಪಷ್ಟ ಕಾಣುತ್ತಿತ್ತು. ಇಷ್ಟರಲ್ಲೇ ಸೆಲ್ ಆರು ತಿಂಗಳು ಬರುವ ಲೆಕ್ಕವಾಯಿತು.

ಅವಳಿಗೆ ಅಷ್ಟು ಸಾಲದು. ರಿಸೀವರ್ ಸದಾ ಎಚ್ಚರವಿರುವುದೇಕೆ, ಸೆಕೆಂಡಿಗೊಮ್ಮೆ 120 ಮಿಲಿಸೆಕೆಂಡ್ ಮಾತ್ರ ಎದ್ದು ಕಿವಿಗೊಟ್ಟು ಮತ್ತೆ ಮಲಗಲಿ ಎಂದು ಮಾಡಿದಳು. ಗುಂಡಿ ಒತ್ತಿಯೇ ಹಿಡಿದರೆ ರಿಮೋಟ್ 110 ಮಿಲಿಸೆಕೆಂಡಿಗೊಮ್ಮೆ ಮರಳಿ ಕರೆಯುತ್ತದೆ, ಒಂದಲ್ಲ ಒಂದು ಕರೆ ಎಚ್ಚರದ ಹೊತ್ತಿಗೆ ಸಿಕ್ಕೇ ಸಿಗುತ್ತದೆ. ಲೆಕ್ಕದ ಪ್ರಕಾರ ಸೆಲ್ ಒಂದೂವರೆ ವರ್ಷ! ಕಾಗದದ ಮೇಲೆ ಚೆಂದವಾಗಿತ್ತು. ಆದರೆ ಅತ್ತೆಯ ಹೆಬ್ಬೆರಳು ಗುಂಡಿಯ ಮೇಲೆ ಒಂದು ಸೆಕೆಂಡ್ ನಿಲ್ಲುವುದಿಲ್ಲ, ಜಾರುತ್ತದೆ. ಮೂರು ಸಲ ಒತ್ತಿದರೆ ಒಂದು ಸಲ ಉರಿಯಿತು. "ಒತ್ತಿ ಹಿಡಿಯಿರಿ ದಾದಿ, ಇನ್ನೂ ಸ್ವಲ್ಪ" ಎಂದು ಅವಳು ಕಲಿಸುತ್ತಿದ್ದಳು. ಅತ್ತೆ ಮಕ್ಕಳ ಹಾಗೆ ತಲೆಯಾಡಿಸಿ ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದರು. ನನಗೆ ನೋಡಲಾಗಲಿಲ್ಲ.

"ಸೆಲ್ ಉಳಿಸಲು ದಾದಿಯ ಕೈಗೆ ಕಷ್ಟ ಕೊಡಬೇಡ" ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಆಮೇಲೆ ತರಕಾರಿ ಹೆಚ್ಚುತ್ತಾ ಹೊಳೆದದ್ದನ್ನು ಹೇಳಿದೆ, "ಅಲ್ವೇ, ಹಗಲು ಹೊತ್ತು ಅದು ಯಾಕೆ ಕೇಳುತ್ತಾ ಕೂರಬೇಕು? ಕತ್ತಲಾದರೆ ತಾನೇ ದೀಪ ಬೇಕು?"

ಮಗಳು ನನ್ನನ್ನೇ ನೋಡಿದಳು. ಬೆಳಕನ್ನು ಗುರುತಿಸುವ ಎಲ್‌ಡಿಆರ್ ಎಂಬ ಪುಟ್ಟ ಬಿಲ್ಲೆ ಕೆಲವೇ ರೂಪಾಯಿಗೆ ಸಿಗುತ್ತದೆ. ಸೆಕೆಂಡಿಗೊಮ್ಮೆ ಅದರಿಂದ ಕೋಣೆಯನ್ನು ಇಣುಕಿ ನೋಡುವುದು, ಬೆಳಕಿದ್ದರೆ ರಿಸೀವರ್‌ಗೆ ಕರೆಂಟೇ ಕೊಡದಿರುವುದು, ಕತ್ತಲಾದರೆ ಬೆಳಗಾಗುವ ತನಕ ಪೂರ್ತಿ ಎಚ್ಚರ. ಮೆಲ್ಲನೆ ತಟ್ಟಿದರೂ ದೀಪ ತಕ್ಷಣ ಉರಿಯುತ್ತದೆ. ಸೆಲ್ ಸುಮಾರು ಒಂಬತ್ತು ತಿಂಗಳು.

ಮೊದಲ ಸಂಜೆ ದೀಪ ಉರಿಯಿತು. ಆರಿಸಲು ಹೋದರೆ ಆರಲಿಲ್ಲ! ಒತ್ತಿ ಒತ್ತಿ ಸಾಕಾಯಿತು. ಹೌದಲ್ಲ, ದೀಪದ ಬೆಳಕನ್ನೇ ಕಂಡು ಪೆಟ್ಟಿಗೆ ಬೆಳಗಾಯಿತೆಂದು ಮಲಗಿಬಿಟ್ಟಿತ್ತು. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕೆವು, ಅತ್ತೆಯೂ ನಕ್ಕರು. ದೀಪ ಉರಿಯುವಷ್ಟು ಹೊತ್ತು ಹಗಲಿರುಳಿನ ಲೆಕ್ಕ ಬಿಟ್ಟು ಕೇಳುತ್ತಲೇ ಇರಬೇಕೆಂದು ಪ್ರೋಗ್ರಾಂ ತಿದ್ದಿದ ಮೇಲೆ ಸರಿಹೋಯಿತು.

ಸೆಲ್ ಇಳಿಯುತ್ತಾ ಬಂದರೆ ಬೆಳಕು ಮೊದಲು ಮಂಕಾಗುತ್ತದೆ, ಆಗಲೂ ರಿಸೀವರ್ ಕೇಳುತ್ತಿರುತ್ತದೆ. ಅಂದರೆ ಮೊದಲಿನಂತೆ ಏಕಾಏಕಿ ಕೈಕೊಡುವುದಿಲ್ಲ. ಸೆಲ್ ಹಾಕಿದ ತಾರೀಕನ್ನು ಮಗಳು ಪೆಟ್ಟಿಗೆಯ ಬೆನ್ನಿಗೆ ಬರೆದಿದ್ದಾಳೆ. ಆ ಮಳೆಗಾಲ ಪೂರ್ತಿ, ಚಳಿಗಾಲವೂ ಒಂದೇ ಜೊತೆ ಸೆಲ್‌ನಲ್ಲಿ ಕಳೆಯಿತು. ರಿಮೋಟ್ ಈಗ ದುಪಟ್ಟಾದ ಕೆಳಗಿಲ್ಲ, ದಾರ ಕಟ್ಟಿಸಿಕೊಂಡು ಮಂಚದ ಕಟ್ಟಿಗೆ ತೂಗುತ್ತಿದೆ. ಕೆಲವೊಮ್ಮೆ ಏಳುವ ಅಗತ್ಯ ಇಲ್ಲದಿದ್ದರೂ ಅತ್ತೆ ಒಮ್ಮೆ ಒತ್ತಿ ನೋಡುತ್ತಾರೆ. "ಸೆಲ್ ಖರ್ಚಾಗುತ್ತೆ ದಾದಿ" ಎಂದರೆ, "ಇದೆಯಾ ಅಂತ ನೋಡಿದೆ ಬೇಟಿ" ಎನ್ನುತ್ತಾರೆ.

ನನಗೆ ಹಳೆಯ ಅಭ್ಯಾಸ ಪೂರ್ತಿ ಬಿಟ್ಟಿಲ್ಲ. ನಡುರಾತ್ರಿ ಎಚ್ಚರವಾಗುತ್ತದೆ. ಬಾಗಿಲ ಸಂದಿಯಲ್ಲಿ ಬೆಳಕಿನ ಗೆರೆ ಕಾಣುತ್ತದೆ. ಚಪ್ಪಲಿ ಸದ್ದು, ವುಝೂ ಮಾಡುವ ನೀರಿನ ಸದ್ದು, ಮತ್ತೆ ಚಪ್ಪಲಿ ಸದ್ದು. ಗೆರೆ ಮಾಯವಾಗುತ್ತದೆ. ನಾನು ಮಗ್ಗುಲು ಬದಲಿಸಿ ಮಲಗುತ್ತೇನೆ.