ರೋನ್ ಕಣಿವೆಯಲ್ಲಿ ನದಿಗೆ ಎಷ್ಟು ಜಾಗ?

ಸ್ವಿಟ್ಜರ್ಲೆಂಡಿನ ವಾಲೇ ಪ್ರಾಂತ್ಯದಲ್ಲಿ ರೋನ್ ನದಿಯನ್ನು ಕಂಡವರ ನೆನಪಿನಲ್ಲಿ ಉಳಿಯುವುದು ಅದರ ನೇರ ಹರಿವು. ಎರಡೂ ಬದಿಗೆ ಕಲ್ಲಿನ ಏರಿ. ನಡುವೆ, ಹಿಮನದಿ ಅರೆದ ಕಲ್ಲಿನ ಹಿಟ್ಟು ಬೆರೆತು ಬೇಸಿಗೆಯಲ್ಲಿ ಬೂದಿಬಣ್ಣಕ್ಕೆ ತಿರುಗುವ ನೀರು. ಏರಿಯ ಆಚೆಗೆ ಏಪ್ರಿಕಾಟ್ ತೋಟ, ರೈಲು ಹಳಿ, ಕಾರ್ಖಾನೆ. ಈ ಭೂಗೋಳಕ್ಕೆ ಇನ್ನೂ ಇನ್ನೂರು ವರ್ಷ ತುಂಬಿಲ್ಲ. 1860ರ ಮಹಾಪೂರದ ನಂತರ, 1863ರಿಂದ 1894ರ ನಡುವೆ ಏರಿ ಕಟ್ಟಿ ನದಿಯ ಪಾತ್ರವನ್ನು ಕಿರಿದು ಮಾಡಲಾಯಿತು. ರಭಸ ಹೆಚ್ಚಿದರೆ ಜಲ್ಲಿಯನ್ನು ನದಿಯೇ ಜಿನೀವಾ ಸರೋವರದತ್ತ ನೂಕಿಕೊಂಡು ಹೋಗುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಆದರೆ ಅಕ್ಕಪಕ್ಕದ ಕಡಿದಾದ ಹಳ್ಳಗಳು ಕಲ್ಲುಮಣ್ಣು ತಂದು ಸುರಿಯುವುದನ್ನು ನಿಲ್ಲಿಸಲಿಲ್ಲ. ಹಲವೆಡೆ ಪಾತ್ರವೇ ಮೇಲೆದ್ದಿತು. 1930ರಿಂದ 1960ರವರೆಗೆ ಎರಡನೆಯ ಸಲ ಏರಿಗಳನ್ನು ಎತ್ತರಿಸಿ ಬಲಪಡಿಸಬೇಕಾಯಿತು.

ಕಟ್ಟುಪಾಡಿಲ್ಲದ ರೋನ್ ಹೇಗಿರುತ್ತದೆಂದು ತಿಳಿಯಲು ಲೊಯ್ಕ್ ಮತ್ತು ಸಿಯೆರ್ ನಡುವಿನ ಫಿನ್ ಕಾಡಿನ ಅಂಚನ್ನು ನೋಡಬೇಕು. ಇಲ್‌ಗ್ರಾಬೆನ್ ಹಳ್ಳ ಮಳೆ ಜೋರಾದಾಗಲೆಲ್ಲ ಬಂಡೆ, ಕೆಸರು ಉರುಳಿಸುವ ಈ ಭಾಗದಲ್ಲಿ ನದಿಯನ್ನು ಪೂರ್ತಿ ಹಿಡಿದಿಡಲು ಆಗಿಲ್ಲ. ಇಲ್ಲಿ ನೀರು ನಾಲ್ಕಾರು ಕವಲಾಗಿ ಒಡೆದು, ಜಲ್ಲಿಯ ದಿಬ್ಬಗಳನ್ನು ಕಟ್ಟಿ, ಮತ್ತೆ ತಾನೇ ಕೆಡವುತ್ತದೆ. ಪ್ರವಾಹದ ಬಿರುಸು ಈ ಅಗಲದಲ್ಲಿ ಹರಡಿ ತಗ್ಗುತ್ತದೆ. ಕಿರಿದಾದ ಕಡೆ ಹೀಗೆ ಹರಡಲು ಎಡೆಯಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಏರಿಯನ್ನು ನಂಬಿ ಊರು, ಉದ್ಯಮಗಳು ಅದರ ಬುಡಕ್ಕೇ ಬಂದು ಕೂತವು. ಹಾಗಾಗಿ ಏರಿ ಒಡೆಯುವುದು ಅಪರೂಪವಾದರೂ ಒಡೆದಾಗಿನ ನಷ್ಟ ಹಿಂದಿಗಿಂತ ಹೆಚ್ಚು. 1987, 1993, 2000ರ ಪ್ರವಾಹಗಳು ಕಲಿಸಿದ ಪಾಠವಿದು. ಅವುಗಳಿಂದಲೇ ನದಿಯನ್ನು ಅಗಲಗೊಳಿಸುವ ಮೂರನೆಯ ಯೋಜನೆ ಹುಟ್ಟಿತು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವೂ ಅಲ್ಲ. ಹಿಂದಿನ ಕಣಿವೆ ಸ್ವರ್ಗವೇನಾಗಿರಲಿಲ್ಲ. ಜೌಗು, ಮಲೇರಿಯಾ, ಬಡತನ ಅಲ್ಲಿದ್ದವು. ತಾತ ಮುತ್ತಾತಂದಿರು ಬೆವರು ಸುರಿಸಿ ಗಳಿಸಿದ ಜಮೀನನ್ನು ನೀರಿಗೆ ಬಿಡಿ ಎಂದರೆ ರೈತ ಸಿಟ್ಟಾಗುವುದು ಸಹಜ. ಆದರೆ ಯಾರೂ ಜೌಗನ್ನು ಮರಳಿ ತರುವ ಮಾತಾಡುತ್ತಿಲ್ಲ. ಒಂದಿಷ್ಟು ಹೊಲ ಬಿಟ್ಟುಕೊಟ್ಟು ಉಳಿದ ಹೊಲ, ಊರುಗಳನ್ನು ಕಾಯುವುದಷ್ಟೇ ಲೆಕ್ಕ. 2015ರಲ್ಲಿ ಪ್ರಾಂತ್ಯದ ಮತದಾರರು ಯೋಜನೆಯ ಹಣಕಾಸಿಗೆ ಒಪ್ಪಿಗೆ ಕೊಟ್ಟರು. ಆದರೂ 2024ರ ಮೇ ತಿಂಗಳಲ್ಲಿ ಪ್ರಾಂತ್ಯ ಸರ್ಕಾರ ಯೋಜನೆಯ ಗಾತ್ರ ಅತಿಯಾಯಿತೆಂದು ಮರುಪರಿಶೀಲನೆಗೆ ಹೊರಟಿತು. ಜೂನ್ ಕೊನೆಗೆ ಸಿಯೆರ್ ಮತ್ತು ಶಿಪ್ಪಿಯಲ್ಲಿ ರೋನ್ ಉಕ್ಕಿ ಅಲ್ಯೂಮಿನಿಯಂ ಕಾರ್ಖಾನೆಗೇ ನುಗ್ಗಿತು. ಯೋಜನೆಯ ಕೆಲಸ ಬಹುಮಟ್ಟಿಗೆ ಮುಗಿದಿದ್ದ ಫಿಸ್ಪ್ ಪಟ್ಟಣ ಬಚಾವಾಯಿತು. ವೆಚ್ಚದ ಬಗ್ಗೆ, ಪರಿಹಾರದ ಬಗ್ಗೆ ಚರ್ಚೆ ನಡೆಯಲಿ. ಆದರೆ ಜಾಗ ಬಿಡಬೇಕೇ ಬೇಡವೇ ಎಂಬ ಪ್ರಶ್ನೆಗೆ ಫಿಸ್ಪ್ ಉತ್ತರ ಕೊಟ್ಟಾಗಿದೆ.